ದಿಂಬಿನ ಪಕ್ಕದ ದನಿ

ಸರ್ವಮಂಗಳಾ ವೈದ್ಯೆಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ತೆಗೀಬೇಡಿ ಮೇಡಂ. ತೆಗೆದ್ರೆ ಅವರ ದನಿ ನಿಂತುಹೋಗತ್ತೆ."

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡಿದ್ದ ಗಂಡ ಸೋಮಶೇಖರಪ್ಪನವರ ಮೆದುಳಿಗೆ, ಒಂದು ವರ್ಷದ ಹಿಂದೆ, ಕಣ್ಣಿಗೇ ಕಾಣದಷ್ಟು ಸಣ್ಣ ನ್ಯಾನೋ ಎಳೆಗಳನ್ನು ಸೇರಿಸಿದ್ದರು. ಅವರು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಆ ಎಳೆಗಳು ದಿಂಬಿನ ಪಕ್ಕದ ಯಂತ್ರಕ್ಕೆ ಮುಟ್ಟಿಸುತ್ತಿದ್ದವು. ಯಂತ್ರ ಅದನ್ನು ಅವರದೇ ದನಿಯಲ್ಲಿ ಆಡಿ ತೋರಿಸುತ್ತಿತ್ತು.

"ಎಳೆಗಳಿಗೆ ಸೋಂಕು ತಗುಲಿದೆ, ಇವತ್ತೇ ತೆಗೀಬೇಕು," ಎಂದರು ವೈದ್ಯೆ. ಆಮೇಲೆ, "ಇನ್ನೊಂದು ವಿಷಯ ಹೇಳಬೇಕು. ಐದು ತಿಂಗಳಿಂದ ಅವರ ಮೆದುಳಿಂದ ಏನೂ ಬರ್ತಾ ಇಲ್ಲ. ಗಂಡನಾದವನು ಏನು ಹೇಳಬಹುದೋ ಅದನ್ನ ಯಂತ್ರ ತಾನೇ ಊಹಿಸಿಕೊಂಡು ಮಾತಾಡ್ತಿದೆ," ಎಂದರು.

"ಮಾತಾಡತ್ತಲ್ಲ, ನಂಗೆ ಅಷ್ಟು ಸಾಕು."

"ಅದು ನಿಮ್ಮ ಯಜಮಾನರಲ್ಲಮ್ಮ."

ಸರ್ವಮಂಗಳಾ ಅಲ್ಲೇ ನೆಲಕ್ಕೆ ಕುಸಿದು ವೈದ್ಯೆಯ ಕಾಲು ಹಿಡಿದುಕೊಂಡರು. "ಒಂದು ವಾರ. ಬೇಡ, ನಾಳೆವರೆಗಾದ್ರೂ ಬಿಡಿ."

ವೈದ್ಯೆ ಬಗ್ಗಿ ಅವರನ್ನು ಎಬ್ಬಿಸಿ ಕೂರಿಸಿದರು. "ನಿಮಗೆ ಇಷ್ಟು ದಿನ ಮೋಸ ಆಗಿದೆ. ತಪ್ಪು ನಮ್ಮದು. ನಾವೇ ಮೊದಲು ಗಮನಿಸಬೇಕಿತ್ತು."

"ಅದು ತಾನೇ ಮಾತಾಡಿದ ಮೊದಲನೇ ದಿನವೇ ನಂಗೆ ಗೊತ್ತಾಯ್ತು ಮೇಡಂ," ಎಂದರು ಸರ್ವಮಂಗಳಾ. "ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ಒಂದು ದಿನಾನೂ 'ನಿಂದು ಊಟ ಆಯ್ತಾ' ಅಂತ ಕೇಳಿದವರಲ್ಲ."