ದುಭಾಷಿಯ ಕುರ್ಚಿ

"ಒಂದೇ ಒಂದು ಮಾತು." ರೋಗಿಯ ಮಗ ವೈದ್ಯರ ಕೋಣೆಯ ಬಾಗಿಲಲ್ಲೇ ದುಭಾಷಿ ಹುಡುಗಿಯನ್ನು ತಡೆದ. "ಡಾಕ್ಟರ್ ಏನು ಹೇಳ್ತಾರೆ ಅಂತ ನನಗೆ ಗೊತ್ತು. ಅಮ್ಮನಿಗೆ ಅದನ್ನ ಹೇಳಬೇಡಿ. ಸಣ್ಣ ಗಂಟು, ಮಾತ್ರೆಗೆ ಕರಗುತ್ತೆ ಅನ್ನಿ. ನಿಮಗೆ ಕೈ ಮುಗೀತೀನಿ."

ನಿಜಕ್ಕೂ ಕೈ ಮುಗಿದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಗಂಡಸು. ಕಣ್ಣು ಕೆಂಪಾಗಿ ಊದಿಕೊಂಡಿತ್ತು. ಅವಳು ಅವನನ್ನು ಬಳಸಿಕೊಂಡು ಒಳಗೆ ನಡೆದಳು.

ಅವಳನ್ನು ಕಳಿಸಿದ್ದು ದುಭಾಷಿಗಳನ್ನು ಮಾತ್ರ ಒದಗಿಸುವ ಒಂದು ಏಜೆನ್ಸಿ. ಅಲ್ಲಿ ಯಾರಿಗೂ ಕಾಯಂ ನೌಕರಿಯಿಲ್ಲ. ಕರೆ ಬಂದ ದಿನ ಆಸ್ಪತ್ರೆ, ಕೋರ್ಟು. ಬಾರದ ದಿನ ಏಜೆನ್ಸಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು. ಇಸ್ಪೀಟಿನಲ್ಲಿ ಅವಳು ಗೆದ್ದದ್ದನ್ನು ಕಂಡವರಿಲ್ಲ. ಅಪರೂಪಕ್ಕೆ ಒಳ್ಳೆಯ ಎಲೆ ಬಿದ್ದರೂ ಉಳಿದವರು ಆಟ ಬಿಟ್ಟು ಚಹಾ ಕುಡಿಯಲು ಎದ್ದುಬಿಡುತ್ತಿದ್ದರು. ಭಾಷೆಯಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಈ ಕೆಲಸಕ್ಕೆ ಏಜೆನ್ಸಿಯ ಯಜಮಾನಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಅವಳನ್ನೇ ಆರಿಸಿದ್ದರು. ಆರಿಸದೆ ಏನು?

ಆಸ್ಪತ್ರೆಯಲ್ಲಿ ಮನೆಯವರು ದುಭಾಷಿಯಾಗುವಂತಿಲ್ಲ. ಆ ನಿಯಮ ಇರುವುದೇ ಇಂಥ ಮಕ್ಕಳಿಗಾಗಿ. ಕರುಳಿನವರ ಗಂಟಲಲ್ಲಿ ನಿಜ ಸಿಕ್ಕಿಹಾಕಿಕೊಳ್ಳುತ್ತದೆ. "ಕೇಳಿದ್ದನ್ನ ಪೂರ್ತಿ ಹೇಳಿ, ಉಪ್ಪು ಖಾರ ಹಚ್ಚಬೇಡಿ," ಎನ್ನುವುದು ದೊಡ್ಡಮ್ಮನ ಮೊದಲ ಪಾಠ. ಅವಳು ಇದುವರೆಗೆ ಅದನ್ನು ಮೀರಿರಲಿಲ್ಲ.

ದುಭಾಷಿ ಕೂರುವುದು ರೋಗಿಯ ಪಕ್ಕ, ಒಂಚೂರು ಹಿಂದಕ್ಕೆ. ರೋಗಿಯ ಕಣ್ಣು ವೈದ್ಯರ ಮೇಲಿರಬೇಕು. ಅವಳು ಹಾಗೆಯೇ ಕೂತಳು. ಆದರೆ ತಾಯಿ ಎದ್ದು, ತಮ್ಮ ಕುರ್ಚಿಯನ್ನು ಕರಕರ ಎಳೆದು, ವೈದ್ಯರಿಗೆ ಬೆನ್ನು ತಿರುಗಿಸಿ ಅವಳ ಎದುರಿಗೇ ಕೂತರು. ಮೊಣಕಾಲಿಗೆ ಮೊಣಕಾಲು ತಾಗಿತು.

"ಕಿವಿ ಸ್ವಲ್ಪ ಮಂದ, ಮಗಳೇ. ಎದುರಿಗಿದ್ರೆ ಚೆನ್ನಾಗಿ ಕೇಳುತ್ತೆ," ಎಂದು ಚೀಲದಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಕಿವಿ ಮಂದವಾದರೆ ಕನ್ನಡಕವೇ! ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು.

ವೈದ್ಯರು ಮೆಲ್ಲಗೆ ಹೇಳಿದರು. ಗಡ್ಡೆ ಹರಡಿಬಿಟ್ಟಿದೆ. ಕತ್ತರಿಸಿ ತೆಗೆದು ಪ್ರಯೋಜನವಿಲ್ಲ. ನೋವಾಗದಂತೆ ನೋಡಿಕೊಳ್ಳಬಹುದು, ಅಷ್ಟೇ. ಬೇಸಿಗೆಯವರೆಗೆ ಉಳಿಯುವುದು ಕಷ್ಟ.

ತಾಯಿಯ ಭಾಷೆಯಲ್ಲಿ ಆ ಮಾತುಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದು ನಿಂತವು. ತಾಯಿಯ ಬೆನ್ನ ಹಿಂದೆ ಮಗ ಇನ್ನೂ ಕೈ ಮುಗಿದುಕೊಂಡೇ ಇದ್ದ.

"ಸಣ್ಣ ಗಂಟಂತೆ, ಅಮ್ಮ," ಎಂದಳು. "ಮಾತ್ರೆಗೆ ಕರಗುತ್ತಂತೆ."

ತಾಯಿ ರೆಪ್ಪೆ ಬಡಿಯದೆ ಕೇಳಿಸಿಕೊಂಡರು. "ಹಾಗಾದ್ರೆ ಇದೊಂದು ಕೇಳು. ನಮ್ಮಕ್ಕನ ಜೊತೆ ಮಾತು ಬಿಟ್ಟು ಬಹಳ ವರ್ಷ ಆಯ್ತು. ತಪ್ಪು ನಂದೇ. ಹೋಗಿ ಕಾಲು ಹಿಡ್ಕೋಬೇಕು ಅಂತಿದೀನಿ. ಈಗಲೇ ಹೋಗಬೇಕಾ, ಬೇಸಿಗೆಗೆ ಹೋದ್ರೂ ನಡೆಯುತ್ತಾ?"

ಪ್ರಶ್ನೆಯನ್ನು ಅವಳು ಒಂದಕ್ಷರ ಬಿಡದೆ ದಾಟಿಸಿದಳು. "ಈ ವಾರವೇ ಹೋಗಲಿ. ಮುಂದೂಡುವುದು ಬೇಡ," ಎಂದರು ವೈದ್ಯರು. ಹೋಗು ಎಂದರೆ ಅಮ್ಮನಿಗೆ ಎಲ್ಲ ತಿಳಿದುಹೋಗುತ್ತದೆ. ಮಗ ಬೇಡವೆಂದು ತಲೆ ಅಲ್ಲಾಡಿಸಿದ.

"ಬೇಸಿಗೆಗೆ ಹೋದ್ರೂ ನಡೆಯುತ್ತಂತೆ."

"ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಅವಳು ಇನ್ನೊಮ್ಮೆ ಹೇಳಿದಳು. ತಾಯಿ ಕನ್ನಡಕ ತೆಗೆದು, ಮಡಿಸಿ, ಚೀಲಕ್ಕೆ ಹಾಕಿದರು. ಅವಳ ಕೆನ್ನೆ ತಟ್ಟಿ, "ನಿನ್ನ ಕೆಲಸ ನೀನು ಚೆನ್ನಾಗಿ ಮಾಡಿದೆ, ಮಗಳೇ," ಎಂದರು. ಆ ಕೆನ್ನೆ ಬೀದಿಗೆ ಬಂದ ಮೇಲೂ ಉರಿಯುತ್ತಿತ್ತು.

ಬಸ್ಸು ಹತ್ತುವ ಮನಸ್ಸಾಗಲಿಲ್ಲ. ಗೊತ್ತುಗುರಿಯಿಲ್ಲದೆ ನಡೆದಳು. ಎಲ್ಲೋ ಒಂದೂರಿನಲ್ಲಿ ಒಬ್ಬ ಅಕ್ಕ ಇದ್ದಾಳೆ. ಬೇಸಿಗೆ ಬರುತ್ತದೆ, ತಂಗಿ ಬರುವುದಿಲ್ಲ. ಬಂದಿದ್ದರೆ ಇಬ್ಬರೂ ಅತ್ತು ಹಗುರಾಗುತ್ತಿದ್ದರು. ಅದನ್ನು ತಪ್ಪಿಸಿದ್ದು ತನ್ನ ನಾಲಿಗೆ. ಮಗನದೇನು, ಅವನದು ಪ್ರೀತಿ. ತನ್ನದು ಬರೀ ಹೇಡಿತನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳು ತಡೆಯಲಾರದೆ ಆಸ್ಪತ್ರೆಗೆ ತಿರುಗಿ ಓಡಿದಳು. ತಾಯಿ ಮಗ ಇಬ್ಬರೂ ಆಗಲೇ ಹೊರಟುಹೋಗಿದ್ದರು.

ಏಜೆನ್ಸಿ ತಲುಪಿದಾಗ ಸಂಜೆ. ಹಿಂದಿನ ಕೋಣೆಯಿಂದ ಇಸ್ಪೀಟಿನವರ ಗಲಾಟೆ ಕೇಳುತ್ತಿತ್ತು. ದೊಡ್ಡಮ್ಮ ಆಗಷ್ಟೇ ಫೋನ್ ಕೆಳಗಿಟ್ಟಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟಳು.

"ಆ ಅಮ್ಮನ ವಿಳಾಸ ಕೊಡಿ, ದೊಡ್ಡಮ್ಮ. ಹೋಗಿ ನಿಜ ಹೇಳಿ ಬರ್ತೀನಿ. ಆಮೇಲೆ ನನ್ನನ್ನ ಕೆಲಸದಿಂದ ತೆಗೆದುಹಾಕಿ."

"ಸುಳ್ಳು ಹೇಳಿದ್ದಕ್ಕೆ ಬೈಗುಳ ಇದ್ದೇ ಇದೆ, ಬಿಡು," ಎಂದರು ದೊಡ್ಡಮ್ಮ. "ಆದ್ರೆ ವಿಳಾಸ ತಗೊಂಡು ಏನ್ಮಾಡ್ತೀಯ? ಅವರು ಮನೇಲಿಲ್ಲ. ಮಗನ್ನೂ ಎಳ್ಕೊಂಡು ಅಕ್ಕನ ಊರಿನ ರೈಲು ಹತ್ತುತಾ ಇದಾರೆ. ಈಗ ಸ್ಟೇಷನ್ನಿಂದ ಫೋನ್ ಮಾಡಿದ್ದು ಅವರೇ. ಹುಡುಗಿಗೆ ಬೈಬೇಡಿ ಅಂದ್ರು."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಅವರಿಗೆ ನಿಜ ಹೇಳಿದ್ದು ಯಾರು?"

"ನೀನೇ. ದುಭಾಷಿ ಬೇಕು ಅಂತ ನಮ್ಮನ್ನ ಕೇಳಿದ್ದು ಆಸ್ಪತ್ರೆಯವರಲ್ಲ, ಮಗನೂ ಅಲ್ಲ, ಆ ಅಮ್ಮನೇ. 'ನನ್ನ ಮಗ ನಿಜ ಹೇಳೋಕೆ ಯಾರನ್ನೂ ಬಿಡಲ್ಲ. ಭಾಷೆ ಹೇಗಿದ್ರೂ ಪರವಾಗಿಲ್ಲ, ಸುಳ್ಳು ಹೇಳಿದ್ರೆ ಮುಖದಲ್ಲೇ ಗೊತ್ತಾಗೋರನ್ನ ಕಳಿಸಿ' ಅಂದ್ರು. ಯಾರನ್ನ ಕಳಿಸ್ಲಿ ಅಂತ ಒಳಗೆ ಇಸ್ಪೀಟು ಆಡೋರನ್ನ ಕೇಳಿದೆ. ಒಬ್ಬರೂ ಎಲೆಯಿಂದ ತಲೆ ಎತ್ತಲಿಲ್ಲ, ಎಲ್ಲರೂ ನಿನ್ನ ಹೆಸರೇ ಹೇಳಿದ್ರು."