ಅಕ್ಕೋರ ಹತ್ತು ನಿಮಿಷ

ನನ್ನ ಹೆಂಡತಿ ಬಸಲಿಂಗವ್ವ ಲಿಂಗೈಕ್ಯಳಾದ ಸುದ್ದಿ ಆಸ್ಪತ್ರೆಯಿಂದ ಬಂದಾಗ ಬೆಳಿಗ್ಗೆ ಎಂಟು ಗಂಟೆ. ದೇಹ ಊರಿಗೆ ಬರುವುದು ಮಧ್ಯಾಹ್ನವೆಂದರು. ನಾನು ವಿಭೂತಿ ಹಚ್ಚಿಕೊಂಡು ಅವಳು ಅಕ್ಕೋರಾಗಿ ಪಾಠ ಹೇಳುತ್ತಿದ್ದ ಶಾಲೆಗೆ ಹೊರಟೆ. ಸೂತಕವೆಂಬುದು ನಮ್ಮಲ್ಲಿಲ್ಲ.

ಈಗ ಲೋಕದ ಮಕ್ಕಳಿಗೆಲ್ಲ ಒಂದೇ ಪಾಠ. ಎಲ್ಲೋ ದೂರದಲ್ಲಿ ಸಿದ್ಧವಾದ ಅದನ್ನು ಶಾಲೆಯ ಮಾತಾಡುವ ಗೋಡೆಯೇ ಹೇಳುತ್ತದೆ. ಊರಿನ ಶಿಕ್ಷಕರಿಗೆ ತಮ್ಮ ಊರಿನ ಪಾಠ ಹೇಳಲು ಉಳಿದಿರುವುದು ದಿನಕ್ಕೆ ಹತ್ತು ನಿಮಿಷ. ಒಂದು ದಿನ ಆ ಹೊತ್ತು ಮಾತಿಲ್ಲದೆ ಕಳೆದರೆ ಅದೂ ಗೋಡೆಗೆ ಸೇರುತ್ತದೆ, ಮತ್ತೆ ಸಿಗುವುದಿಲ್ಲ. ಬಸಲಿಂಗವ್ವ ನಿನ್ನೆಯೂ ಪಾಠ ಮುಗಿಸಿಯೇ ಆಸ್ಪತ್ರೆಗೆ ಹೋಗಿದ್ದಳು.

ಗೋಡೆ ಹಿಮದಲ್ಲಿ ತೊಡುವ ಬೂಟಿನ ಪಾಠ ಮುಗಿಸಿ ಸುಮ್ಮನಾಯಿತು. ಮಕ್ಕಳು ಬೆವರು ಒರೆಸಿಕೊಂಡು ನನ್ನನ್ನು ನೋಡಿದರು.

“ಅಕ್ಕೋರು ಬರಲಿಲ್ಲೇನ್ರಿ ಅಜ್ಜಾರ?” ಎಂದಳು ಮುಂದೆ ಕುಳಿತಿದ್ದ ಗಂಗವ್ವ.

“ಇಲ್ಲವ್ವಾ. ಇವತ್ತ ರೊಟ್ಟಿ ಪಾಠ ನಾನ ಹೇಳ್ತೀನಿ. ಮೊದ್ಲ ಜ್ವಾಳದ ಹಿಟ್ಟಿಗೆ ತಣ್ಣೀರು ಹಾಕಿ...”

ತರಗತಿಯೆಲ್ಲ ನಕ್ಕಿತು.

“ತಣ್ಣೀರಿಗೆ ರೊಟ್ಟಿ ಹರೀತಾವ್ರಿ. ಬಿಸಿನೀರು ಹಾಕ್ಬೇಕು. ‘ನಮ್ಮ ಯಜಮಾನರು ಬರೇ ಉಣ್ಣಾಕ ಕಲ್ತಾರ’ ಅಂತ ಅಕ್ಕೋರು ಹೇಳ್ತಿದ್ರು,” ಎಂದಳು ಗಂಗವ್ವ.

ನಾನು ಬಸಲಿಂಗವ್ವನ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಗಂಗವ್ವ ಒಮ್ಮೆ ಗೋಡೆಯನ್ನು ನೋಡಿ, ತಾನೇ ಎದ್ದು ಹಿಟ್ಟು ನಾದುವುದನ್ನು ಹೇಳತೊಡಗಿದಳು. ಅವಳು ಬಿಟ್ಟಲ್ಲಿಂದ ಇನ್ನೊಬ್ಬಳು ಬಡಿಯುವುದನ್ನು ಹೇಳಿದಳು, ಮತ್ತೊಬ್ಬ ಬೇಯಿಸುವುದನ್ನು. ಹತ್ತು ನಿಮಿಷ ತುಂಬಿತು.

ಸುದ್ದಿಯನ್ನು ಆಮೇಲೆ ಹೇಳಿದೆ. ಮಕ್ಕಳು ಕೈಮುಗಿದು ನಿಂತರು.

ಶಿವನೇ, ನಾಳೆಯ ಹತ್ತು ನಿಮಿಷವನ್ನು ಈ ಮಕ್ಕಳು ನೋಡಿಕೊಳ್ಳುತ್ತಾರೆ. ಬಸಲಿಂಗವ್ವ ನಿನ್ನ ಪಾದದಲ್ಲಿ ನಿಶ್ಚಿಂತೆಯಿಂದ ಇರಲಿ.