ಮುಂಜಾನೆಯ ಹೂವು

ಪ್ರವಾಹದ ನೀರು ಅರ್ಧದಷ್ಟು ಮೆಟ್ಟಿಲುಗಳನ್ನು ನುಂಗಿತ್ತು. ಮಾಳಿಗೆಯ ಮೇಲೆ ಗಂಡ ಹೆಂಡತಿ ಇಬ್ಬರೇ. ಅವನ ಇನ್ಸುಲಿನ್ ನೀರುಪಾಲಾಗಿ ಎರಡು ದಿನವಾಗಿತ್ತು. ಡಾಕ್ಟರಿಗೆ ಅವಳು ಬರೆದ ವಾಟ್ಸಾಪ್ ಸಂದೇಶ ಒಂದೂ ಹೋಗುತ್ತಿರಲಿಲ್ಲ.

"ಹೋದ್ರೂ ಆಕಿ ನೋಡೂದಿಲ್ಲ ಬಿಡು," ಎಂದ ನಾಲಿಗೆ ಒಣಗಿದ ಗಂಡ. "ದಿನಾ ಮುಂಜಾನೆ ಹೂವಿನ ಚಿತ್ರ ಕಳಿಸಿ ಆಕಿ ತಲಿ ತಿಂದೀದಿ. ಆರಾಮಿಲ್ಲಂದ್ರಷ್ಟ ಬರೀರಿ ಅಂತ ಬೈದಿದ್ದಿಲ್ಲೇನು?"

"ಶುಭೋದಯ ಅಂದ್ರ ತಪ್ಪೇನ್ರಿ?"

ಸಂಜೆಗೆ ಅವನ ಮಾತು ತೊದಲತೊಡಗಿತು. ಅಷ್ಟರಲ್ಲಿ ದೋಣಿಯೊಂದು ಗೋಡೆಗೆ ತಾಗಿತು.

"ಡಾಕ್ಟರ್ ಮೇಡಂ ಇನ್ಸುಲಿನ್ ಕೊಟ್ಟು ಕಳಿಸ್ಯಾರ," ಎಂದ ದೋಣಿಯವನು.

"ನನ್ನ ಮೆಸೇಜ್ ಮುಟ್ಟಿತೇನಪಾ?"

"ಇಲ್ರಿ ಅಕ್ಕಾರ. ಎರಡು ದಿನದಿಂದ ನಿಮ್ಮ ಹೂವು ಬಂದಿಲ್ಲಂತ."